ಥೀಮ್ ಪಾರ್ಕ್‌ನ ಮುಂದಿನ ಯೋಜನೆಗಳು: ಘೋಷಣೆ ಓದುವ ಬಗೆ, ಪ್ರತಿಕ್ರಿಯೆ ಮುಟ್ಟಿಸುವ ಬಗೆ

ಡಿಸ್ನಿಯ ಡಿ23 ಸಮಾವೇಶವಿರಲಿ, ಯೂನಿವರ್ಸಲ್‌ನ ಪತ್ರಿಕಾ ಹೇಳಿಕೆಯಿರಲಿ, ಮುಂದಿನ ಯೋಜನೆಗಳು ಹೊರಬಿದ್ದ ಅರ್ಧ ಗಂಟೆಯೊಳಗೆ ಅಭಿಮಾನಿಗಳು ಎರಡು ಪಾಳಯವಾಗುತ್ತಾರೆ. ಒಬ್ಬರು ವಿಮಾನದ ಟಿಕೆಟ್ ಹುಡುಕುತ್ತಿರುತ್ತಾರೆ, ಇನ್ನೊಬ್ಬರು ‘ಎಲ್ಲ ಹಾಳುಮಾಡಿಬಿಟ್ಟರು’ ಎಂದು ಶೋಕದಲ್ಲಿರುತ್ತಾರೆ. ಇಬ್ಬರದೂ ಅವಸರವೇ. ಆ ಹೊತ್ತಿಗೆ ಕಂಪನಿ ನಿಜಕ್ಕೂ ಯಾವುದಕ್ಕೆ ಕೈಹಾಕಿದೆ ಎಂಬುದು ಹೊರಗಿನವರಿಗೆ ತಿಳಿದಿರುವುದಿಲ್ಲ. ವೇದಿಕೆಯ ಮೇಲೆ ಹೇಳಿದ ಮಾತಿಗೆಲ್ಲ ಒಂದೇ ತೂಕವಿಲ್ಲ. ಕೆಲವು ಯೋಜನೆಗಳಿಗೆ ಗುತ್ತಿಗೆ ಕೊಟ್ಟಾಗಿರುತ್ತದೆ, ಕೆಲವು ಬರೀ ಬಣ್ಣದ ಚಿತ್ರ. ಯಾವುದು ಯಾವುದೆಂದು ಬಿಡಿಸಿಕೊಳ್ಳುವ ದಾರಿ, ಆಮೇಲೆ ನಿಮ್ಮ ಮೆಚ್ಚುಗೆಯನ್ನೋ ಆಕ್ಷೇಪವನ್ನೋ ಕೆಲಸಕ್ಕೆ ಬರುವ ಜಾಗಕ್ಕೆ ಮುಟ್ಟಿಸುವ ದಾರಿ ಇಲ್ಲಿದೆ. ಉದಾಹರಣೆಗಳು ಬಹುಪಾಲು ಅಮೆರಿಕದ ಫ್ಲೋರಿಡಾ ಮತ್ತು ಕ್ಯಾಲಿಫೋರ್ನಿಯಾದವು. ದೊಡ್ಡ ಪಾರ್ಕ್‌ಗಳು ಅಲ್ಲಿವೆ, ಅಲ್ಲಿನ ಸರ್ಕಾರಿ ಕಾಗದಪತ್ರಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದು.

ಮೊದಲ ಗಂಟೆಯ ಕೆಲಸ

ಘೋಷಣೆ ನೋಡುತ್ತಿರುವಾಗಲೇ ಪ್ರತಿ ಯೋಜನೆಯ ಎದುರು ನಾಲ್ಕು ಸಂಗತಿ ಬರೆದುಕೊಳ್ಳಿ: ಯಾವ ಕ್ರಿಯಾಪದ ಬಳಸಿದರು, ಇಸವಿ ಹೇಳಿದರೇ, ಜಾಗ ಹೇಳಿದರೇ, ಆ ಜಾಗದಲ್ಲಿ ಈಗಿರುವುದರ ಗತಿ ಏನೆಂದು ಹೇಳಿದರೇ. ನಾಲ್ಕಕ್ಕೂ ಉತ್ತರ ಸಿಕ್ಕರೆ ಅದು ಯೋಜನೆ, ಒಂದಕ್ಕೂ ಸಿಗದಿದ್ದರೆ ಆಸೆ. ವೇದಿಕೆಯ ವಿಡಿಯೊವನ್ನೂ ಕಂಪನಿಯ ಅಧಿಕೃತ ಬರಹವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರ ನಡುವೆ ವ್ಯತ್ಯಾಸ ಕಂಡರೆ ಬರಹವನ್ನು ನಂಬಿ. ಅದು ವಕೀಲರ ಕಣ್ಣಡಿಯಿಂದ ಹಾದು ಬಂದಿರುತ್ತದೆ.

ನಾಲ್ಕರಲ್ಲಿ ಕ್ರಿಯಾಪದಕ್ಕೇ ಹೆಚ್ಚು ಬೆಲೆ. ‘ಕನಸು ಕಾಣುತ್ತಿದ್ದೇವೆ’, ‘ಪರಿಶೀಲಿಸುತ್ತಿದ್ದೇವೆ’, ‘ಹೀಗಾದರೆ ಹೇಗೆ’ ಎಂಬ ಮಾತುಗಳು ಬ್ಲೂ ಸ್ಕೈ ಹಂತದವು, ಅಂದರೆ ಬಜೆಟ್ ಇಲ್ಲ, ಜಾಗ ಗಟ್ಟಿಯಿಲ್ಲ. ‘ಬರಲಿದೆ’ ಎಂದರೆ ನಿರ್ಧಾರವಾಗಿದೆ, ವಿನ್ಯಾಸ ಇನ್ನೂ ಬದಲಾಗಬಹುದು. ‘ಕೆಲಸ ಆರಂಭವಾಗಿದೆ’ ಎಂಬುದನ್ನು ಕಾಗದಪತ್ರದಲ್ಲಿ ತಾಳೆ ನೋಡಬಹುದು. ‘ಇಂಥ ಇಸವಿಯ ಬೇಸಿಗೆಯಲ್ಲಿ ತೆರೆಯುತ್ತದೆ’ ಎಂದರೆ ಮಾತ್ರ ರಜೆ ಅರ್ಜಿಯ ಯೋಚನೆ ಮಾಡಬಹುದು.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತಿಗೆ 2022ರ ಡಿ23ಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಆಗ ಪಾರ್ಕ್ ವಿಭಾಗದ ಮುಖ್ಯಸ್ಥರಾಗಿದ್ದ ಜೋಶ್ ಡಮಾರೊ ಫ್ಲೋರಿಡಾದ ಡಿಸ್ನಿ ಪಾರ್ಕ್‌ಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ನ ಬಿಗ್ ಥಂಡರ್ ಬೆಟ್ಟದಾಚೆಗೆ ‘ಕೋಕೊ’, ‘ಎನ್‌ಕಾಂಟೊ’ ಸಿನಿಮಾಗಳ ಮತ್ತು ಖಳನಾಯಕರ ಲ್ಯಾಂಡ್‌ಗಳ (ಒಂದೇ ವಿಷಯದ ಮೇಲೆ ಕಟ್ಟಿದ ವಲಯಗಳ) ಸಾಧ್ಯತೆಯ ಬಗ್ಗೆ, ಅಲ್ಲಿನದೇ ಇನ್ನೊಂದು ಪಾರ್ಕ್ ಅನಿಮಲ್ ಕಿಂಗ್‌ಡಮ್‌ನ ಡೈನೊಲ್ಯಾಂಡ್ ಜಾಗದಲ್ಲಿ ‘ಝೂಟೋಪಿಯಾ’ ಮತ್ತು ‘ಮೋವಾನಾ’ ಸಾಧ್ಯತೆಯ ಬಗ್ಗೆ ಮಾತನಾಡಿದರು. ಎಲ್ಲವೂ ಕಲ್ಪನೆಯ ಹಂತದಲ್ಲಿವೆ ಎಂದು ಅಲ್ಲೇ ಹೇಳಿದ್ದರೂ ಅಭಿಮಾನಿಗಳ ನೆನಪಿನಲ್ಲಿ ಉಳಿದದ್ದು ‘ಘೋಷಿಸಿದರು’ ಎಂಬುದೊಂದೇ. ಎರಡು ವರ್ಷದ ನಂತರ ಮ್ಯಾಜಿಕ್ ಕಿಂಗ್‌ಡಮ್‌ಗೆ ಸಿಕ್ಕಿದ್ದು ಖಳನಾಯಕರು ಮತ್ತು ‘ಕಾರ್ಸ್’. ‘ಕೋಕೊ’ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಡೈನೊಲ್ಯಾಂಡ್ ಜಾಗ ‘ಎನ್‌ಕಾಂಟೊ’ ಮತ್ತು ಇಂಡಿಯಾನಾ ಜೋನ್ಸ್ ಪಾಲಾಯಿತು. ‘ಝೂಟೋಪಿಯಾ’ ಟ್ರೀ ಆಫ್ ಲೈಫ್‌ನ ಬುಡದ ರಂಗಮಂದಿರದಲ್ಲಿ ಒಂದು ಪ್ರದರ್ಶನವಾಗಿ 2025ರ ನವೆಂಬರ್‌ನಲ್ಲಿ ಬಂತು. 2024ರ ಆಗಸ್ಟ್‌ನ ವೇದಿಕೆಯಲ್ಲಿ ಅದೇ ಡಮಾರೊ, ಇಂದು ತೋರಿಸುವುದೆಲ್ಲ ನಿರ್ಮಾಣದ ಹಾದಿಯಲ್ಲಿರುವಂಥದ್ದೇ ಎಂದು ಮೊದಲೇ ಸ್ಪಷ್ಟಪಡಿಸಿ ಮುಂದುವರಿದರು. 2022ರ ಗೊಣಗಾಟ ಕಿವಿಗೆ ಬಿದ್ದಿತ್ತು ಎಂದೇ ಬಹಳ ಜನ ಅದನ್ನು ಅರ್ಥಮಾಡಿಕೊಂಡರು.

ಇಸವಿ ಹೇಳಿದ ಮಾತ್ರಕ್ಕೆ ಯೋಜನೆ ಉಳಿದೀತು ಎಂಬ ಭರವಸೆಯೂ ಇಲ್ಲ. ಫ್ಲೋರಿಡಾದ ಇನ್ನೊಂದು ಡಿಸ್ನಿ ಪಾರ್ಕ್ ಎಪ್ಕಾಟ್‌ಗೆ 2019ರಲ್ಲಿ ಮೇರಿ ಪಾಪಿನ್ಸ್ ಆಕರ್ಷಣೆ, ಸ್ಪೇಸ್‌ಶಿಪ್ ಅರ್ತ್ ರೈಡ್‌ನ ದೊಡ್ಡ ನವೀಕರಣ, ಪ್ಲೇ ಪೆವಿಲಿಯನ್ ಎಂದು ಸಾಲು ಘೋಷಣೆಯಾಯಿತು. ಪ್ಲೇ ಪೆವಿಲಿಯನ್ ಅಂತೂ 2021ರ ಡಿಸ್ನಿ ವರ್ಲ್ಡ್‌ನ ಐವತ್ತನೇ ವರ್ಷಾಚರಣೆಯ ವೇಳೆಗೆ ಸಿದ್ಧವಾಗಬೇಕಿತ್ತು. 2020ರ ಸಾಂಕ್ರಾಮಿಕದ ನಂತರ ಈ ಮೂರೂ ಬದಿಗೆ ಸರಿದವು. ಅದೇ ಪಟ್ಟಿಯಲ್ಲಿದ್ದ ಮೋವಾನಾ ಜಲಪಥ ಮಾತ್ರ 2023ರ ಅಕ್ಟೋಬರ್‌ನಲ್ಲಿ ತೆರೆಯಿತು. ಹಣ ಕಡಿಮೆಯಾದಾಗ ಮೊದಲು ಉದುರುವುದು ನೆಲ ಅಗೆಯದ ಯೋಜನೆಗಳು.

ಚಿತ್ರವನ್ನು ಓದುವುದು

ಕಾನ್ಸೆಪ್ಟ್ ಆರ್ಟ್ ಎಂದರೆ ಮನಸ್ಥಿತಿಯ ಚಿತ್ರ, ಅಳತೆಯ ನಕ್ಷೆಯಲ್ಲ. ಸಂಜೆಯ ಬೆಳಕು, ಹಬೆ, ಕಮ್ಮಿ ಜನ, ಎಲ್ಲೆಲ್ಲೂ ಬೆಳೆದು ನಿಂತ ಮರ, ಇವು ಪ್ರತಿ ಚಿತ್ರದಲ್ಲೂ ಇರುತ್ತವೆ. ಇವನ್ನು ಕಣ್ಣಿನಿಂದ ಅಳಿಸಿಹಾಕಿ. ಆಮೇಲೆ ಹುಡುಕಬೇಕಾದದ್ದು ರೈಡ್‌ನ ಪ್ರವೇಶದ್ವಾರ, ಹಳಿ, ವಾಹನ. ವಾಹನದ ಚಿತ್ರ ಕೊಟ್ಟಿದ್ದಾರೆ ಎಂದರೆ ರೈಡ್‌ನ ಮಾದರಿ ತೀರ್ಮಾನವಾಗಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಬರೀ ಬೆಟ್ಟ, ಕೋಟೆ, ಮೋಡ ಇದ್ದರೆ ತೀರ್ಮಾನವಾಗಿರುವುದು ವಿಷಯ ಮಾತ್ರ.

ಗಾತ್ರ ಅಳೆಯಲು ಚಿತ್ರದಲ್ಲಿ ಈಗಾಗಲೇ ಇರುವ ಕಟ್ಟಡವೊಂದನ್ನು ಹಿಡಿಯಿರಿ. ಮ್ಯಾಜಿಕ್ ಕಿಂಗ್‌ಡಮ್‌ನ ಸಿಂಡ್ರೆಲಾ ಕೋಟೆ 189 ಅಡಿ, ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನ ಸ್ಲೀಪಿಂಗ್ ಬ್ಯೂಟಿ ಕೋಟೆ 77 ಅಡಿ. ಹೊಸ ಬೆಟ್ಟವೊಂದು ಸಿಂಡ್ರೆಲಾ ಕೋಟೆಯ ಎರಡರಷ್ಟು ಎತ್ತರ ಕಂಡರೆ ಚಿತ್ರಕಾರರ ಉತ್ಸಾಹ ಎಂದುಕೊಳ್ಳಿ. ಅಮೆರಿಕದಲ್ಲಿ 200 ಅಡಿ ದಾಟಿದ ಕಟ್ಟಡಕ್ಕೆ ವಿಮಾನಯಾನ ಪ್ರಾಧಿಕಾರಕ್ಕೆ ಸೂಚನೆ ಕೊಡಬೇಕು, ಸಾಮಾನ್ಯವಾಗಿ ತುದಿಯಲ್ಲಿ ಎಚ್ಚರಿಕೆ ದೀಪವನ್ನೂ ಹಾಕಬೇಕಾಗುತ್ತದೆ. ಹಿಮಾಲಯದ ಶಿಖರದ ತಲೆಯ ಮೇಲೆ ಮಿನುಗುವ ದೀಪ ಯಾರಿಗೂ ಬೇಡ. ಹಾಗಾಗಿಯೇ ಅನಿಮಲ್ ಕಿಂಗ್‌ಡಮ್‌ನ ಎಕ್ಸ್‌ಪೆಡಿಶನ್ ಎವರೆಸ್ಟ್ ರೈಡ್‌ನ ಬೆಟ್ಟ 199.5 ಅಡಿಗೆ ನಿಂತಿದೆ.

ಮುಂದಿನದು ಎಣಿಕೆ. ‘ಆಕರ್ಷಣೆ’ ಎಂಬ ಪದದೊಳಗೆ ರೈಡ್, ಪ್ರದರ್ಶನ, ಪಾತ್ರಧಾರಿಗಳ ಭೇಟಿ, ಮಕ್ಕಳ ಆಟದ ಜಾಗ ಎಲ್ಲ ಹಿಡಿಸುತ್ತವೆ. ‘ರೈಡ್’ ಎಂದು ಬರಹದಲ್ಲಿ ಇದ್ದದ್ದನ್ನು ಮಾತ್ರ ರೈಡ್ ಎಂದು ಎಣಿಸಿ. 2009ರ ಮೊದಲ ಡಿ23ಯಲ್ಲಿ ತೋರಿಸಿದ ಹೊಸ ಫ್ಯಾಂಟಸಿಲ್ಯಾಂಡ್ ಚಿತ್ರವನ್ನು ಹಾಗೆ ಎಣಿಸಿದವರಿಗೆ ಅದರಲ್ಲಿ ರಾಜಕುಮಾರಿಯರ ಭೇಟಿಯ ಮನೆಗಳೇ ಹೆಚ್ಚು, ರೈಡ್ ಕಮ್ಮಿ ಎಂದು ಕಂಡಿತ್ತು. 2011ರ ಜನವರಿಯಲ್ಲಿ ನಕ್ಷೆ ಬದಲಾಯಿತು: ಪಿಕ್ಸಿ ಹಾಲೊ ಎಂಬ ಯಕ್ಷಿಣಿಯರ ಜಾಗ ಮತ್ತು ಕೆಲವು ಭೇಟಿಮನೆಗಳು ಹೋಗಿ ಏಳು ಕುಬ್ಜರ ಗಣಿ ರೈಲು ಬಂತು. ಫ್ಯಾಂಟಸಿಲ್ಯಾಂಡ್‌ನ ಬಹುಭಾಗ 2012ರ ಡಿಸೆಂಬರ್‌ನಲ್ಲಿ ತೆರೆದರೂ ಆ ರೈಲು ಓಡಿದ್ದು 2014ರ ಮೇನಲ್ಲಿ.

ಈಗ ಹೊಸ ತಲೆನೋವೊಂದು ಸೇರಿದೆ, ಯಂತ್ರದಿಂದ ಬರೆಸಿದ ನಕಲಿ ಚಿತ್ರಗಳು. ಚಿತ್ರ ಕಂಪನಿಯ ಜಾಲತಾಣದಲ್ಲಿ ಇಲ್ಲವಾದರೆ ಅದನ್ನು ಹಂಚಬೇಡಿ. ಫಲಕದ ಅಕ್ಷರಗಳು ಕಲಸಿಹೋಗಿದ್ದರೆ, ಹಳಿ ಎಲ್ಲೋ ಶುರುವಾಗಿ ಗೋಡೆಯೊಳಗೆ ಮಾಯವಾಗಿದ್ದರೆ ಪರೀಕ್ಷೆ ಮುಗಿದಂತೆ.

ಕಾಲದ ಲೆಕ್ಕ

ಇಸವಿ ಹೇಳದ ಯೋಜನೆಗೆ ನೀವೇ ಇಸವಿ ಅಂದಾಜಿಸಬಹುದು, ಹಳೆಯ ಲೆಕ್ಕ ಕೈಯಲ್ಲಿದ್ದರೆ ಸಾಕು. ಅವತಾರ್ ಲ್ಯಾಂಡ್ 2011ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾಗಿ 2017ರ ಮೇನಲ್ಲಿ ತೆರೆಯಿತು: 5 ವರ್ಷ 8 ತಿಂಗಳು. ಸ್ಟಾರ್ ವಾರ್ಸ್ ಲ್ಯಾಂಡ್ 2015ರ ಆಗಸ್ಟ್‌ನಿಂದ 2019ರ ಮೇವರೆಗೆ, 3 ವರ್ಷ 9 ತಿಂಗಳು. ಯೂನಿವರ್ಸಲ್‌ನ ಎಪಿಕ್ ಯೂನಿವರ್ಸ್ ಇಡೀ ಪಾರ್ಕ್. 2019ರ ಆಗಸ್ಟ್‌ನಲ್ಲಿ ಘೋಷಣೆ, 2020ರಲ್ಲಿ ಕೆಲಸಕ್ಕೆ ತಡೆ, 2021ರ ಮಾರ್ಚ್‌ನಲ್ಲಿ ಮತ್ತೆ ಆರಂಭ, 2025ರ ಮೇ 22ಕ್ಕೆ ಬಾಗಿಲು. ಹಳೆಯ ಕಟ್ಟಡದೊಳಗೆ ಹೊಸ ರೈಡ್ ಹಾಕುವುದಾದರೆ ಬೇಗ: ಗ್ರೇಟ್ ಮೂವಿ ರೈಡ್‌ನ ಜಾಗದ ಮಿಕ್ಕಿ–ಮಿನ್ನಿ ರೈಲಿಗೆ ಘೋಷಣೆಯಿಂದ 2 ವರ್ಷ 8 ತಿಂಗಳು ಹಿಡಿಯಿತು.

‘ಇನ್ನೊಂದು ಊರಿನಲ್ಲಿ ಈಗಾಗಲೇ ಇರುವ ರೈಡ್, ನಕಲು ತಾನೆ, ಬೇಗ ಬರುತ್ತದೆ’ ಎಂಬ ವಾದ ಪ್ರತಿ ಬಾರಿ ಕೇಳಿಬರುತ್ತದೆ. ಟ್ರಾನ್ ರೋಲರ್ ಕೋಸ್ಟರ್ ಶಾಂಘೈಯಲ್ಲಿ 2016ರಿಂದಲೇ ಓಡುತ್ತಿತ್ತು. ಫ್ಲೋರಿಡಾದ ನಕಲು 2017ರ ಜುಲೈನಲ್ಲಿ ಘೋಷಣೆಯಾಗಿ 2023ರ ಏಪ್ರಿಲ್‌ಗೆ ತೆರೆಯಿತು. ಅದೇ ದಿನ ಘೋಷಣೆಯಾದ, ಹೊಚ್ಚಹೊಸ ವಿನ್ಯಾಸದ, ಎಪ್ಕಾಟ್‌ನ ಕಾಸ್ಮಿಕ್ ರಿವೈಂಡ್ ಕೋಸ್ಟರ್ ಅದಕ್ಕಿಂತ ಹತ್ತು ತಿಂಗಳು ಮೊದಲೇ ತೆರೆದಿತ್ತು. ನಕಲಿನಲ್ಲಿ ವಿನ್ಯಾಸದ ಶ್ರಮ ಉಳಿಯುತ್ತದೆ. ನೆಲ, ಚರಂಡಿ, ಬಿರುಗಾಳಿಯ ನಿಯಮ, ಸುತ್ತಲಿನ ಹಳೆಯ ಕಟ್ಟಡಗಳ ತೊಡಕು ಉಳಿದೇ ಇರುತ್ತವೆ.

ನಿಮ್ಮ ಅಂದಾಜು ಹೀಗಿರಲಿ: ಇರುವ ಕಟ್ಟಡದೊಳಗಿನ ಬದಲಾವಣೆಗೆ ಎರಡೂವರೆಯಿಂದ ನಾಲ್ಕು ವರ್ಷ, ಹೊಸ ಲ್ಯಾಂಡ್‌ಗೆ ನಾಲ್ಕರಿಂದ ಆರು, ಹೊಸ ಪಾರ್ಕ್‌ಗೆ ಆರರ ಆಸುಪಾಸು ಅಥವಾ ಮೇಲೆ. ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿ ಯೂನಿವರ್ಸಲ್ ಕಟ್ಟಲಿರುವ ಪಾರ್ಕ್ 2025ರ ಏಪ್ರಿಲ್‌ನಲ್ಲಿ ಪ್ರಕಟವಾಗಿ 2031ರ ಗುರಿ ಇಟ್ಟುಕೊಂಡಿದೆ, ಲೆಕ್ಕಕ್ಕೆ ಸರಿಹೊಂದುತ್ತದೆ. ವೇದಿಕೆಯಲ್ಲಿ ಇದಕ್ಕಿಂತ ಕಮ್ಮಿ ಹೇಳಿದರೆ ಕೆಲಸ ಗುಟ್ಟಾಗಿ ಮೊದಲೇ ಶುರುವಾಗಿರಬೇಕು. ಅದನ್ನು ಪತ್ತೆ ಮಾಡುವ ಜಾಗ ಬೇರೆಯೇ ಇದೆ.

ಕಾಗದಪತ್ರ: ಗಾಳಿಸುದ್ದಿಗೆ ಮದ್ದು

ಫ್ಲೋರಿಡಾದಲ್ಲಿ ಎರಡು ಕಡೆ ನೋಡಬೇಕು. ಒಂದು, ಸೌತ್ ಫ್ಲೋರಿಡಾ ವಾಟರ್ ಮ್ಯಾನೇಜ್‌ಮೆಂಟ್ ಡಿಸ್ಟ್ರಿಕ್ಟ್ ಎಂಬ ನೀರಿನ ಇಲಾಖೆ. ಜೌಗುನೆಲ, ಕೆರೆ, ಮಳೆನೀರಿನ ಹರಿವಿಗೆ ಧಕ್ಕೆ ತರುವ ಯಾವ ಕಟ್ಟಡಕ್ಕೂ ಅದರ ಪರವಾನಗಿ ಬೇಕು. ಎರಡನೆಯದು, ಆರೆಂಜ್ ಕೌಂಟಿ ಕಂಪ್ಟ್ರೋಲರ್ ಕಚೇರಿಯ ಅಧಿಕೃತ ದಾಖಲೆಗಳು. ಅಲ್ಲಿ ‘ನೋಟಿಸ್ ಆಫ್ ಕಮೆನ್ಸ್‌ಮೆಂಟ್’ ಎಂಬ ಕಾಮಗಾರಿ ಆರಂಭದ ನೋಟಿಸ್ ದಾಖಲಾಗುತ್ತದೆ.

ಹುಡುಕುವ ಕ್ರಮ ಹೀಗೆ:

1. ನೀರಿನ ಇಲಾಖೆಯ ಪರವಾನಗಿ ಜಾಲತಾಣದಲ್ಲಿ ಅರ್ಜಿದಾರರ ಹೆಸರಿನಿಂದ ಹುಡುಕಿ. ಪಾರ್ಕ್‌ನ ಜನಪ್ರಿಯ ಹೆಸರು ಹಾಕಿದರೆ ಸಿಗದಿರಬಹುದು. ಜಮೀನು ಯಾವ ಅಂಗಸಂಸ್ಥೆಯ ಹೆಸರಿನಲ್ಲಿದೆಯೋ ಅದನ್ನು ಹಾಕಿ. ಯೋಜನೆಗೆ ಸಂಕೇತನಾಮ ಇರುವುದು ಮಾಮೂಲು, ಹೆಸರು ನೋಡಿ ಬಿಟ್ಟುಬಿಡಬೇಡಿ.
2. ಅರ್ಜಿಯ ನಕ್ಷೆಯಲ್ಲಿ ಕಟ್ಟಡದ ತಳವಿಸ್ತೀರ್ಣ, ನೀರು ಇಂಗದ ನೆಲದ ಪ್ರಮಾಣ, ಹೊಸ ಕೊಳ, ತೆಗೆದುಹಾಕುವ ರಸ್ತೆ ನೋಡಿ. ಒಳಗೆ ಯಾವ ರೈಡ್ ಎಂದು ಅದು ಹೇಳುವುದಿಲ್ಲ.
3. ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸಿ. ಬದಲಾಗದ ಎರಡು ಮೂಲೆಗಳನ್ನು, ಉದಾಹರಣೆಗೆ ಹಳೆಯ ರೈಲು ಹಳಿಯ ತಿರುವು ಮತ್ತು ಸೇವಾರಸ್ತೆಯ ಕೂಡು, ಮೊದಲು ಕೂಡಿಸಿ, ಆಮೇಲೆ ಉಳಿದದ್ದು.
4. ಕೌಂಟಿ ದಾಖಲೆಯಲ್ಲಿ ಅದೇ ವಿಳಾಸದ ನೋಟಿಸ್ ಹುಡುಕಿ. ಗುತ್ತಿಗೆದಾರರು ಯಾರು, ಮುಕ್ತಾಯ ದಿನಾಂಕ ಯಾವುದು, ಎರಡನ್ನೂ ಬರೆದುಕೊಳ್ಳಿ.

ನೋಟಿಸ್‌ಗೆ ಬೇರೆ ದಿನಾಂಕ ಬರೆಯದಿದ್ದರೆ ಅದರ ಆಯುಷ್ಯ ಒಂದು ವರ್ಷ. ದಾಖಲಿಸಿದ 90 ದಿನದೊಳಗೆ ಕೆಲಸ ಆರಂಭವಾಗದಿದ್ದರೆ ಅದು ಅನೂರ್ಜಿತ. ಹೀಗಾಗಿ ನೋಟಿಸ್ ಬಂತೆಂದರೆ ನಂಬಬಹುದು. ಆದರೆ ಅದರಲ್ಲಿನ ಮುಕ್ತಾಯ ದಿನವನ್ನು ರೈಡ್ ತೆರೆಯುವ ದಿನ ಎಂದು ಓದುವುದು ತಪ್ಪು. ಅದು ಆ ಗುತ್ತಿಗೆಯ ಹಣಕಾಸಿನ ರಕ್ಷಣೆಗೆ ಹಾಕಿದ ಗಡುವು, ಸಾಮಾನ್ಯವಾಗಿ ಉದಾರವಾಗಿ ಹಾಕಿರುತ್ತಾರೆ. ವಿದ್ಯುತ್ ಕೆಲಸ, ನೆಲ ಅಗೆತ, ದೃಶ್ಯಸಜ್ಜಿಕೆಗೆ ಬೇರೆಬೇರೆ ನೋಟಿಸ್ ಬರುತ್ತವೆ. ಒಂದನ್ನು ನೋಡಿ ಗದ್ದಲ ಎಬ್ಬಿಸುವುದಕ್ಕಿಂತ ಸಾಲನ್ನು ನೋಡಿ.

ಮ್ಯಾಜಿಕ್ ಕಿಂಗ್‌ಡಮ್‌ನ ರಿವರ್ಸ್ ಆಫ್ ಅಮೆರಿಕ ಎಂಬ ಕೃತಕ ಹೊಳೆಯನ್ನು ಮುಚ್ಚುವ ವಿಷಯದಲ್ಲಿ ಈ ದಾರಿ ಸರಿಯಾಗಿ ಕೆಲಸ ಮಾಡಿತು. ಹೊಳೆ ಪೂರ್ತಿ ಹೋಗುತ್ತದೋ ಸ್ವಲ್ಪ ಉಳಿಯುತ್ತದೋ ಎಂಬ ವಾದ ನಡೆಯುತ್ತಿರುವಾಗಲೇ ನೀರಿನ ಇಲಾಖೆಗೆ ಸಲ್ಲಿಸಿದ ನಕ್ಷೆಯಲ್ಲಿ ತುಂಬುವ ಜಾಗ ಕಾಣುತ್ತಿತ್ತು. ನೀರು ತುಂಬಿದ ಜಾಗಕ್ಕೆ ಮಣ್ಣು ಹಾಕುವುದನ್ನು ಅಲ್ಲಿ ಯಾರೂ ಗುಟ್ಟಾಗಿ ಮಾಡಲಾರರು.

ಇನ್ನು ಕೆಲವು ಕಾಗದಗಳಿಗೆ ಇಷ್ಟು ಬೆಲೆ ಕೊಡಬಾರದು. ಪೇಟೆಂಟ್ ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ, ಅದರಲ್ಲಿ ಬಹುಪಾಲು ಎಂದೂ ಕಟ್ಟಡವಾಗುವುದಿಲ್ಲ. ಟ್ರೇಡ್‌ಮಾರ್ಕ್ ಎಂದರೆ ಹೆಸರಿಗೆ ಬೇಲಿ ಹಾಕಿದ್ದಾರೆ, ಅಷ್ಟೇ. ಭೂಬಳಕೆಯ ಅನುಮತಿ ಇನ್ನೂ ಜಾಣತನದಿಂದ ಓದಬೇಕಾದದ್ದು. 2024ರ ಜೂನ್‌ನಲ್ಲಿ ಡಿಸ್ನಿಯೂ ಅದರ ಫ್ಲೋರಿಡಾ ಜಮೀನಿನ ಆಡಳಿತ ನೋಡುವ ಸೆಂಟ್ರಲ್ ಫ್ಲೋರಿಡಾ ಟೂರಿಸಂ ಓವರ್‌ಸೈಟ್ ಡಿಸ್ಟ್ರಿಕ್ಟೂ ಮಾಡಿಕೊಂಡ ಒಪ್ಪಂದದಲ್ಲಿ 1,700 ಕೋಟಿ ಡಾಲರ್‌ವರೆಗಿನ ಹೂಡಿಕೆಯ ಮಾತೂ ಐದನೆಯ ದೊಡ್ಡ ಪಾರ್ಕ್‌ಗೆ ಅವಕಾಶವೂ ಇದ್ದವು. ‘ಐದನೇ ಪಾರ್ಕ್ ಬರುತ್ತಿದೆ’ ಎಂದು ಸುದ್ದಿ ಹರಡಿತು. ಒಪ್ಪಂದ ಕೊಟ್ಟದ್ದು ಕಟ್ಟಲು ಅವಕಾಶ. ಕಟ್ಟುತ್ತೇವೆಂಬ ಮಾತು ಅದರಲ್ಲಿ ಇರಲಿಲ್ಲ. ಡಿಸ್ನಿಲ್ಯಾಂಡ್ ಇರುವ ಅನಹೈಮ್‌ನ ನಗರಸಭೆ 2024ರ ಮೇನಲ್ಲಿ ಅಂಗೀಕರಿಸಿದ ಡಿಸ್ನಿಲ್ಯಾಂಡ್ ಫಾರ್ವರ್ಡ್ ಎಂಬ ವಿಸ್ತರಣಾ ಯೋಜನೆ ಕೂಡ ಭೂಬಳಕೆಯ ಅನುಮತಿಯೇ, ರೈಡ್‌ಗಳ ಪಟ್ಟಿಯಲ್ಲ. ಆದರೆ ಅದರಲ್ಲಿ ಮೊದಲ ಹತ್ತು ವರ್ಷಕ್ಕೆ ಕನಿಷ್ಠ 190 ಕೋಟಿ ಡಾಲರ್ ಹಾಕುವ ಷರತ್ತಿದೆ, ಹಾಗಾಗಿ ತೂಕ ಹೆಚ್ಚು.

ಹಣದ ದೊಡ್ಡ ಅಂಕಿಗಳೂ ಹಾಗೆಯೇ. 2023ರ ಸೆಪ್ಟೆಂಬರ್‌ನಲ್ಲಿ ಡಿಸ್ನಿ ಹತ್ತು ವರ್ಷಕ್ಕೆ ಸುಮಾರು 6,000 ಕೋಟಿ ಡಾಲರ್ ಎಂದಿತು. ಅದು ಜಗತ್ತಿನ ಎಲ್ಲ ಪಾರ್ಕ್‌ಗಳೂ ಕ್ರೂಸ್ ಹಡಗುಗಳೂ ಸೇರಿದ ಮೊತ್ತ. ನಿಮ್ಮ ಮೆಚ್ಚಿನ ಪಾರ್ಕ್‌ನ ಪಾಲು ಎಷ್ಟೆಂದು ಅದನ್ನು ಭಾಗಿಸಿ ಹೇಳುವವರನ್ನು ನಂಬಬೇಡಿ.

ಅಭಿಮಾನಿಗಳ ಗದ್ದಲದಿಂದ ಕಾಳು ಆರಿಸುವುದು

ಪ್ರತಿಕ್ರಿಯೆಗಳನ್ನು ಓದುವಾಗ ಯಾರು ಮಾತನಾಡುತ್ತಿದ್ದಾರೆ ಎಂದು ಮೊದಲು ನೋಡಿ. ವಾರ್ಷಿಕ ಪಾಸ್ ಇಟ್ಟುಕೊಂಡು ಸಂಜೆ ಹೊತ್ತು ಸುತ್ತಾಡಲು ಬರುವವರಿಗೆ ದೋಣಿ, ನೆರಳು, ಬೆಂಚು ಮುಖ್ಯ. ಹತ್ತು ವರ್ಷಕ್ಕೊಮ್ಮೆ ಬರುವ ಕುಟುಂಬಕ್ಕೆ ಹೊಸ ರೈಡ್ ಮುಖ್ಯ. ಇಬ್ಬರೂ ಒಂದೇ ಘೋಷಣೆಗೆ ತದ್ವಿರುದ್ಧ ಹೇಳುತ್ತಾರೆ, ಇಬ್ಬರೂ ಸರಿ. ಕಂಪನಿ ಯಾರ ಮಾತು ಕೇಳುತ್ತದೆ ಎಂಬುದು ಯಾರು ಹೆಚ್ಚು ಖರ್ಚು ಮಾಡುತ್ತಾರೆ ಎಂಬುದರ ಮೇಲೆ ನಿಂತಿರುತ್ತದೆ. ಕಹಿಯಾದರೂ ಲೆಕ್ಕಕ್ಕೆ ಬೇಕಾದ ಸಂಗತಿ.

ಹಳೆಯದು ಹೋಗುವ ದುಃಖ, ಸಿನಿಮಾ ಪಾತ್ರಗಳ ಹಾವಳಿ, ಬಜೆಟ್ ಕಡಿತದ ಶಂಕೆ, ಇವೆಲ್ಲ ಬರುತ್ತವೆ ಹೋಗುತ್ತವೆ. ಬಹಳ ಜನ ಬಿಟ್ಟುಬಿಡುವ, ಆದರೆ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ: ಗಂಟೆಗೆ ಎಷ್ಟು ಜನರನ್ನು ಹಿಡಿಸುತ್ತದೆ ಎಂಬುದು. ಇದನ್ನು ನೀವೇ ಲೆಕ್ಕ ಹಾಕಬಹುದು. ವಾಹನದ ಆಸನಗಳನ್ನು ಗಂಟೆಗೆ ಹೊರಡುವ ವಾಹನಗಳ ಸಂಖ್ಯೆಯಿಂದ ಗುಣಿಸಿ. 12 ಆಸನದ ವಾಹನ 30 ಸೆಕೆಂಡಿಗೊಮ್ಮೆ ಹೊರಟರೆ ಗಂಟೆಗೆ 120 ವಾಹನ, 1,440 ಜನ. 8 ಆಸನದ್ದು 40 ಸೆಕೆಂಡಿಗೊಮ್ಮೆ ಹೊರಟರೆ 90 ವಾಹನ, 720 ಜನ. ಅರ್ಧಕ್ಕೆ ಇಳಿಯಿತು. ಎದುರು 2,160 ಜನ ನಿಂತಿದ್ದರೆ ಮೊದಲನೆಯದರಲ್ಲಿ ಒಂದೂವರೆ ಗಂಟೆ, ಎರಡನೆಯದರಲ್ಲಿ ಮೂರು ಗಂಟೆ. ಇದು ಕಾಗದದ ಮೇಲಿನ ಗರಿಷ್ಠ ಮಾತ್ರ. ಖಾಲಿ ಆಸನ, ಗಾಲಿಕುರ್ಚಿಯಿಂದ ಹತ್ತಿಸುವ ಸಮಯ, ನಡುವೆ ನಿಲ್ಲುವ ವಾಹನ ಸೇರಿದರೆ ನಿಜದ ಅಂಕಿ ಇದಕ್ಕಿಂತ ಕೆಳಗೇ ಇರುತ್ತದೆ.

ಹೊಸದರ ಅಂಕಿ ಸಿಕ್ಕಮೇಲೆ ಹೋಗುವುದರ ಅಂಕಿ ಕಳೆಯಿರಿ. ರಿವರ್ಸ್ ಆಫ್ ಅಮೆರಿಕ ಹೊಳೆಯ ಮೇಲಿನ ಸ್ಟೀಮ್‌ಬೋಟ್ ಒಮ್ಮೆಗೇ ನೂರಾರು ಜನರನ್ನು ಹೊತ್ತೊಯ್ಯುತ್ತಿತ್ತು, ಅದರ ನಡುವಿನ ಟಾಮ್ ಸಾಯರ್ ದ್ವೀಪ ಮಕ್ಕಳನ್ನು ಗಂಟೆಗಟ್ಟಲೆ ಹಿಡಿದಿಡುತ್ತಿತ್ತು, ಎರಡಕ್ಕೂ ಉದ್ದದ ಕ್ಯೂ ಇರಲಿಲ್ಲ. ಅವು ಹೋದಾಗ ಆ ಜನ ಮಾಯವಾಗುವುದಿಲ್ಲ, ಉಳಿದ ಕ್ಯೂಗಳಿಗೆ ಸೇರುತ್ತಾರೆ. ‘ಹಳೆಯ ದೋಣಿ ಯಾರೂ ಹತ್ತುತ್ತಿರಲಿಲ್ಲ’ ಎಂಬ ವಾದಕ್ಕೆ ಇದೇ ಉತ್ತರ. ಅದೇ ರೀತಿ ಖಾಲಿ ಜಾಗದಲ್ಲಿ ಕಟ್ಟುವ ಖಳನಾಯಕರ ಲ್ಯಾಂಡ್ ನಿವ್ವಳ ಸೇರ್ಪಡೆ, ಅದಕ್ಕೆ ಚಪ್ಪಾಳೆ ತಟ್ಟಬಹುದು.

ಒಳಗಿನವರಿಂದ ತಿಳಿಯಿತು ಎನ್ನುವವರ ಮಾತನ್ನು ಅಳೆಯಲು ಅವರ ಹಿಂದಿನ ಭವಿಷ್ಯವಾಣಿಗಳನ್ನು ತೆಗೆಯಿರಿ. ದಿನಾಂಕ ಹಾಕಿ ಹೇಳಿದ್ದವೇ, ತಪ್ಪಾದಾಗ ‘ಯೋಜನೆ ಬದಲಾಯಿತು’ ಎಂದು ಜಾರಿಕೊಂಡರೇ ನೋಡಿ. ಯಾವ ದಿನ ಯಾವ ಗೋಡೆ ಏಳುತ್ತದೆ ಎಂದು ಹೇಳುವವರು ಹತ್ತರಲ್ಲಿ ನಾಲ್ಕು ತಪ್ಪಿದರೂ ಉಪಯುಕ್ತ. ‘ದೊಡ್ಡದೇನೋ ಬರುತ್ತಿದೆ’ ಎನ್ನುವವರು ಎಂದೂ ತಪ್ಪುವುದಿಲ್ಲ, ಅದಕ್ಕೇ ಅವರಿಂದ ಉಪಯೋಗವಿಲ್ಲ.

ಕೂಗಿದರೆ ಕೇಳುತ್ತದೆಯೇ?

ಕೆಲವು ಸಲ. 1998ರಲ್ಲಿ ಎಪ್ಕಾಟ್‌ನ ಇಮ್ಯಾಜಿನೇಶನ್ ರೈಡ್ ಮುಚ್ಚಿ, ಮರುವರ್ಷ ಫಿಗ್‌ಮೆಂಟ್ ಎಂಬ ನೇರಳೆ ಡ್ರ್ಯಾಗನ್ನನ್ನು ಹೆಚ್ಚುಕಡಿಮೆ ಹೊರಗಿಟ್ಟ ಹೊಸ ರೂಪ ತಂದರು. ದೂರುಗಳ ಸುರಿಮಳೆಯಾಯಿತು. 2001ರ ಅಕ್ಟೋಬರ್‌ನಲ್ಲಿ ಮತ್ತೆ ಮುಚ್ಚಿ 2002ರ ಜೂನ್‌ನಲ್ಲಿ ಫಿಗ್‌ಮೆಂಟ್‌ನನ್ನು ನಡುಮಧ್ಯಕ್ಕೆ ತಂದು ತೆರೆದರು. ಅದೇ ಕಾಲದಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ಮಿಸ್ಟರ್ ಟೋಡ್ ರೈಡ್ ಉಳಿಸಲು ಅಭಿಮಾನಿಗಳು ಹಸಿರು ಅಂಗಿ ತೊಟ್ಟು ಪಾರ್ಕ್‌ನೊಳಗೇ ಸೇರಿ ಪ್ರತಿಭಟಿಸಿದರು. 1998ರ ಸೆಪ್ಟೆಂಬರ್ 7ಕ್ಕೆ ರೈಡ್ ಮುಚ್ಚಿತು. ರಿವರ್ಸ್ ಆಫ್ ಅಮೆರಿಕಕ್ಕೂ ಸಹಿ ಸಂಗ್ರಹ ನಡೆಯಿತು, 2025ರ ಜುಲೈ 6 ಅದರ ಕೊನೆಯ ದಿನವಾಯಿತು. ವ್ಯತ್ಯಾಸ ಗಮನಿಸಿ: ಮುಚ್ಚುವ ನಿರ್ಧಾರವನ್ನು ವಾಪಸ್ ತೆಗೆಸುವುದು ಹೆಚ್ಚುಕಡಿಮೆ ಅಸಾಧ್ಯ. ಹೊಸದರಲ್ಲಿ ಏನಿರಬೇಕು ಎಂಬುದನ್ನು ಬದಲಿಸುವುದು ಸಾಧ್ಯ. ಇಡೀ ಯೋಜನೆ ಬಿದ್ದದ್ದು ವರ್ಜೀನಿಯಾದ ಡಿಸ್ನೀಸ್ ಅಮೆರಿಕ. 1993ರ ನವೆಂಬರ್‌ನಲ್ಲಿ ಘೋಷಣೆ, 1994ರ ಸೆಪ್ಟೆಂಬರ್‌ನಲ್ಲಿ ಆ ಜಾಗ ಕೈಬಿಟ್ಟರು. ಅದನ್ನು ಬೀಳಿಸುವಲ್ಲಿ ಮುಂದೆ ನಿಂತವರು ಇತಿಹಾಸಕಾರರು ಮತ್ತು ಸ್ಥಳೀಯರು, ಪಾರ್ಕ್ ಅಭಿಮಾನಿಗಳಲ್ಲ.

ಹಾಗಾದರೆ ಆಕ್ಷೇಪಕ್ಕೆ ಸರಿಯಾದ ಕಾಲ ಘೋಷಣೆಗೂ ವಿನ್ಯಾಸ ಗಟ್ಟಿಯಾಗುವುದಕ್ಕೂ ನಡುವಿನ ಅವಧಿ. ‘ಬರಲಿದೆ’ ಎಂದು ಹೇಳಿ ಇಸವಿ ಹೇಳದಿದ್ದಾಗ ಬರೆಯಿರಿ. ಬೇಲಿ ಎದ್ದಮೇಲೆ ಬರೆದರೆ ಬರೆದವರಿಗೆ ಸಮಾಧಾನ ಅಷ್ಟೇ.

ಎಲ್ಲಿಗೆ ಬರೆಯುವುದು? ಪಾರ್ಕ್‌ಗೆ ಹೋಗಿಬಂದ ಮೇಲೆ ಇಮೇಲ್‌ನಲ್ಲಿ ಸಮೀಕ್ಷೆ ಬಂದರೆ ಬಿಡಬೇಡಿ. ಅದು ಅಂಕಿಯಾಗಿ ವರದಿಗೆ ಹೋಗುತ್ತದೆ, ಜಾಲತಾಣದ ಸಾವಿರ ಕಾಮೆಂಟ್‌ಗಿಂತ ಒಂದು ಭರ್ತಿಮಾಡಿದ ಸಮೀಕ್ಷೆಗೆ ಬೆಲೆ. ಪಾರ್ಕ್‌ನೊಳಗಿದ್ದರೆ ಅತಿಥಿ ಸೇವಾ ಕೇಂದ್ರದಲ್ಲಿ ಹೇಳಿ ದಾಖಲಿಸಿ. ಭೂಬಳಕೆಯ ಪ್ರಶ್ನೆಯಾದರೆ ನಗರಸಭೆಯ ಸಾರ್ವಜನಿಕ ವಿಚಾರಣೆಗೆ ಲಿಖಿತ ಹೇಳಿಕೆ ಕೊಡಬಹುದು. ಅದು ಶಾಶ್ವತ ದಾಖಲೆಯಾಗುತ್ತದೆ. ಷೇರುದಾರರಾಗಿ ನಿರ್ಣಯ ಮಂಡಿಸುವ ದಾರಿಯೂ ಇದೆ. ಅಮೆರಿಕದ ನಿಯಮದಲ್ಲಿ ಮೂರು ವರ್ಷದಿಂದ ಕನಿಷ್ಠ 2,000 ಡಾಲರ್ ಮೌಲ್ಯದ ಷೇರು ಇರಬೇಕು. ಆದರೆ ಯಾವ ರೈಡ್ ಇಡಬೇಕು ಎಂಬುದು ದೈನಂದಿನ ವ್ಯವಹಾರ ಎಂದು ಕಂಪನಿ ಅದನ್ನು ತಳ್ಳಿಹಾಕಬಹುದು, ಶ್ರಮ ವ್ಯರ್ಥ.

ಪತ್ರ ಚಿಕ್ಕದಿರಲಿ, ನೂರೈವತ್ತು ಪದ ಸಾಕು. ಯಾವ ತಿಂಗಳಲ್ಲಿ, ಎಷ್ಟು ಜನ, ಎಂಥ ವಯಸ್ಸಿನವರು ಹೋಗಿದ್ದಿರಿ ಎಂದು ಮೊದಲ ಸಾಲಿನಲ್ಲಿ ಬರೆಯಿರಿ. ಆಮೇಲೆ ಒಂದೇ ಒಂದು ವಿಷಯ. ‘ಹೊಳೆ ಮುಚ್ಚಬೇಡಿ’ ಎನ್ನುವ ಬದಲು ‘ಹೊಸ ಲ್ಯಾಂಡ್‌ನಲ್ಲಿ ಮಧ್ಯಾಹ್ನ ಕುಳಿತುಕೊಳ್ಳಲು ನೆರಳಿನ ಜಾಗ ಮತ್ತು ನಾಲ್ಕು ವರ್ಷದ ಮಗು ಹತ್ತಬಹುದಾದ ಒಂದು ರೈಡ್ ಬೇಕು’ ಎಂದು ಬರೆದರೆ ಅದನ್ನು ಓದಿದವರಿಗೆ ಮಾಡಲು ಏನಾದರೂ ಇರುತ್ತದೆ. ನಿಮ್ಮದೇ ರೈಡ್ ಕಲ್ಪನೆಯನ್ನು ಮಾತ್ರ ಸೇರಿಸಬೇಡಿ. ಕೇಳದೆ ಕಳಿಸಿದ ಸೃಜನಶೀಲ ಕಲ್ಪನೆಗಳನ್ನು ಸ್ವೀಕರಿಸುವುದಿಲ್ಲ ಎಂದು ಡಿಸ್ನಿ ತನ್ನ ಷರತ್ತುಗಳಲ್ಲೇ ಬರೆದಿದೆ. ನಾಳೆ ‘ನನ್ನ ಕಲ್ಪನೆ ಕದ್ದರು’ ಎಂಬ ಮೊಕದ್ದಮೆಯ ಭಯ ಅದಕ್ಕೆ. ಒಂದು ಪ್ಯಾರಾದ ಕಲ್ಪನೆ ಸೇರಿಸಿ ಒಳ್ಳೆಯ ಪತ್ರವನ್ನೂ ಓದದಂತೆ ಮಾಡಿಕೊಳ್ಳಬೇಡಿ. ವಿನ್ಯಾಸಕಾರರನ್ನು ವೈಯಕ್ತಿಕವಾಗಿ ಹುಡುಕಿ ಬೈಯುವುದು, ಗೇಟಿನಲ್ಲಿ ನಿಂತ ಸಿಬ್ಬಂದಿಯ ಮೇಲೆ ರೇಗುವುದು ಅಸಭ್ಯ ಮಾತ್ರವಲ್ಲ, ನಿಷ್ಪ್ರಯೋಜಕ ಕೂಡ.

ಪ್ರಯಾಣದ ತೀರ್ಮಾನ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರಿಗೆ ಈ ಭಾಗ. ದಿನ ಪ್ರಕಟವಾಗದೆ ಹಣ ವಾಪಸ್ ಬಾರದ ಟಿಕೆಟ್ ಕೊಳ್ಳಬೇಡಿ. ಲ್ಯಾಂಡ್ ತೆರೆದರೆ ಅದರ ರೈಡ್‌ಗಳೆಲ್ಲ ತೆರೆದಿವೆ ಎಂದುಕೊಳ್ಳಬೇಡಿ: ಫ್ಲೋರಿಡಾದ ಸ್ಟಾರ್ ವಾರ್ಸ್ ಲ್ಯಾಂಡ್ 2019ರ ಆಗಸ್ಟ್ 29ಕ್ಕೆ ತೆರೆದರೂ ಅದರ ಮುಖ್ಯ ರೈಡ್ ರೈಸ್ ಆಫ್ ದ ರೆಸಿಸ್ಟೆನ್ಸ್ ಡಿಸೆಂಬರ್ 5ಕ್ಕೆ ಬಂತು. ಕ್ಯಾಲಿಫೋರ್ನಿಯಾದಲ್ಲಿ ಮೇನಲ್ಲಿ ಹೋದವರಿಗೆ ಅದಕ್ಕಾಗಿ ಮುಂದಿನ ಜನವರಿವರೆಗೆ ಕಾಯಬೇಕಾಯಿತು. ಮೊದಲ ತಿಂಗಳುಗಳಲ್ಲಿ ರೈಡ್ ಪದೇಪದೇ ನಿಲ್ಲುವುದೂ ಸಾಮಾನ್ಯ. ಒಂದೇ ಬಾರಿಯ ಪ್ರವಾಸವಾದರೆ ತೆರೆದ ಆರು ತಿಂಗಳ ನಂತರ ಹೋಗುವುದು ಲೇಸು.

ಮುಚ್ಚಲಿರುವುದನ್ನು ನೋಡಬೇಕಾದರೆ ಲೆಕ್ಕ ತಿರುಗುತ್ತದೆ. ಎಲ್ಲಿ ಬರುತ್ತದೆ ಎಂಬುದನ್ನು ಕಂಪನಿ ತಡವಾಗಿ ಹೇಳುವುದುಂಟು. ಫ್ಲೋರಿಡಾದ ಹಾಲಿವುಡ್ ಸ್ಟುಡಿಯೋಸ್ ಪಾರ್ಕ್‌ನ ಮಾನ್ಸ್ಟರ್ಸ್ ಲ್ಯಾಂಡ್ 2024ರ ಆಗಸ್ಟ್‌ನಲ್ಲಿ ಘೋಷಣೆಯಾಯಿತು, ಅದು ಮಪೆಟ್ಸ್ ಬೊಂಬೆಗಳ ಅಂಗಳವನ್ನು ನುಂಗುತ್ತದೆ ಎಂದು ಹೇಳಿದ್ದು ನವೆಂಬರ್‌ನಲ್ಲಿ, ಅಲ್ಲಿನ 3ಡಿ ಪ್ರದರ್ಶನದ ಕೊನೆಯ ದಿನ 2025ರ ಜೂನ್ 7. ಜಾಗ ಗೊತ್ತಾದ ಮೇಲೆ ಸಿಕ್ಕದ್ದು ಆರೂವರೆ ತಿಂಗಳು. ಕೊನೆಯ ವಾರ ಬೇಡ, ಆಗ ಕ್ಯೂ ಬೆಳೆಯುತ್ತದೆ, ನೆನಪಿನ ವಸ್ತುಗಳು ಖಾಲಿಯಾಗಿರುತ್ತವೆ. ಕೊನೆಯ ದಿನಕ್ಕೆ ಐದಾರು ವಾರ ಮುಂಚಿನ ಒಂದು ಮಂಗಳವಾರವೋ ಬುಧವಾರವೋ ಬೆಳಗ್ಗೆ ಹೋಗಿ.

ಮೊದಲ ಗಂಟೆಯಲ್ಲಿ ಬರೆದ ಆ ನಾಲ್ಕು ಸಾಲಿನ ಹಾಳೆಯನ್ನು ಎಸೆಯಬೇಡಿ. ವರ್ಷಕ್ಕೊಮ್ಮೆ, ಡಿಸ್ನಿಯಾದರೆ ಸೆಪ್ಟೆಂಬರ್ ಕೊನೆಗೆ ಹಣಕಾಸು ವರ್ಷ ಮುಗಿದು ನವೆಂಬರ್ ಹೊತ್ತಿಗೆ ವಾರ್ಷಿಕ ವರದಿ ಬಂದಾಗ, ಅದನ್ನು ತೆಗೆದು ಪ್ರತಿ ಯೋಜನೆಯ ಎದುರು ಹೊಸ ಕ್ರಿಯಾಪದ ಬರೆಯಿರಿ. ‘ಬರಲಿದೆ’ ಎಂದಿದ್ದದ್ದು ಎರಡು ವರ್ಷವಾದರೂ ‘ಬರಲಿದೆ’ ಎಂದೇ ಉಳಿದು, ಅದರ ಹೆಸರಿನಲ್ಲಿ ಒಂದು ಪರವಾನಗಿಯೂ ಬರದಿದ್ದರೆ ಪಟ್ಟಿಯಿಂದ ಹೊಡೆದುಹಾಕಿ. ಕಂಪನಿ ‘ರದ್ದು’ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ.